ಶೋಪನ್ ನಂತರ ಯಾರನ್ನು ಕೇಳಬೇಕು? ಫೋರೆ, ಮೊಂಪೌ, ಮೆಟ್ನರ್: ಮೂರು ತಿಂಗಳ ಹೋಲಿಕೆ

ಪಿಯಾನೋ ರಚನಕಾರ ಶೋಪನ್‌ನ 21 ನಾಕ್ಟರ್ನ್‌ಗಳನ್ನು, ಅಂದರೆ ರಾತ್ರಿಯ ಭಾವದ ಪಿಯಾನೋ ರಚನೆಗಳನ್ನು, ವರ್ಷಗಟ್ಟಲೆ ಕೇಳಿ ಕೇಳಿ, ಮುಂದಿನ ಸ್ವರ ಕಿವಿಗೆ ಬೀಳುವ ಮೊದಲೇ ಮನಸ್ಸು ಅದನ್ನು ಹಾಡಿ ಮುಗಿಸಿರುವ ಹಂತಕ್ಕೆ ನಾನು ಬಂದಿದ್ದೆ. ಅವುಗಳ ಮೇಲಿನ ಪ್ರೀತಿ ತಗ್ಗಿರಲಿಲ್ಲ. ಆದರೆ ಮುಂದೇನು ಬರುತ್ತದೆಂದು ತಿಳಿಯದೆ ಕೇಳುವ ಸುಖ ಮತ್ತೆ ಬೇಕಾಗಿತ್ತು. ಆದ್ದರಿಂದ ಫ್ರಾನ್ಸಿನ ಗೇಬ್ರಿಯಲ್ ಫೋರೆ, ಬಾರ್ಸಿಲೋನಾದ ಫೆಡೆರಿಕೊ ಮೊಂಪೌ, ರಷ್ಯಾದ ನಿಕೊಲಾಯ್ ಮೆಟ್ನರ್ ಈ ಮೂವರು ರಚನಕಾರರನ್ನು ಆರಿಸಿಕೊಂಡು ಒಬ್ಬೊಬ್ಬನಿಗೆ ಒಂದು ತಿಂಗಳನ್ನು ಮೀಸಲಿಟ್ಟೆ. ರಾತ್ರಿ ಊಟದ ನಂತರ ದೀಪ ಆರಿಸಿ ಅರ್ಧ ಗಂಟೆ ಕೇಳುವುದು, ಒಂದು ಕೃತಿ ಹಿಡಿಸಲಿ ಬಿಡಲಿ ವಾರ ಪೂರ್ತಿ ಅದನ್ನು ಬಿಡದಿರುವುದು, ಕೈಗೆಟುಕುವಷ್ಟನ್ನು ಮನೆಯ ಡಿಜಿಟಲ್ ಪಿಯಾನೋದಲ್ಲಿ ನಿಧಾನವಾಗಿ ನುಡಿಸಿ ನೋಡುವುದು, ಇವಿಷ್ಟು ನಾನು ಹಾಕಿಕೊಂಡ ಕಟ್ಟಳೆಗಳು. ಮರುದಿನ ಬೆಳಿಗ್ಗೆ ಕರೆಯದೆಯೇ ಆ ಸಂಗೀತ ತುಟಿಗೆ ಬರುತ್ತದೆಯೇ ಎಂಬುದೊಂದೇ ಅಳತೆಗೋಲು.

ಶೋಪನ್‌ನಿಂದ ಹೊರಟವರಿಗೆ ಫೋರೆ ತೀರ ಹತ್ತಿರದ ಊರು. ಅವನು 13 ನಾಕ್ಟರ್ನ್‌ಗಳನ್ನು ಬರೆದಿದ್ದಾನೆ. ಅವುಗಳಲ್ಲಿ 1894ರ ಆರನೆಯದು, ಡಿ ಫ್ಲ್ಯಾಟ್ ಮೇಜರ್ ಎಂಬ ಸ್ವರಶ್ರೇಣಿಯಲ್ಲಿರುವುದು, ಜಾನ್-ಫಿಲಿಪ್ ಕೊಲಾರ್ ಅವರ ವಾದನದಲ್ಲಿ ಮೊದಲ ರಾತ್ರಿಯೇ ನನ್ನನ್ನು ಸೆಳೆದುಕೊಂಡಿತು. ಶೋಪನ್‌ನಲ್ಲಿ ಬಲಗೈಯ ಹಾಡು ಒಡವೆ ತೊಟ್ಟು ಮುಂದೆ ನಿಂತಿರುತ್ತದೆ. ಫೋರೆಯಲ್ಲಿ ಹಾಡಿಗಿಂತ ಅದರ ಕೆಳಗಿನ ಸ್ವರಮೇಳಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ, ಜರುಗಾಟವೇ ದೊಡ್ಡದು. ಎಲ್ಲಿಂದ ಎಲ್ಲಿಗೆ ಬಂದೆವೆಂಬುದು ಬಂದು ತಲುಪಿದ ಮೇಲಷ್ಟೇ ತಿಳಿಯುತ್ತದೆ. 1921ರ ಕೊನೆಯ ನಾಕ್ಟರ್ನ್ ಬರೆಯುವ ಹೊತ್ತಿಗೆ ಅವನ ಶ್ರವಣಶಕ್ತಿ ಕುಗ್ಗಿದ್ದಷ್ಟೇ ಅಲ್ಲ, ಮಂದ್ರ ಮತ್ತು ತಾರ ಸ್ವರಗಳು ಶ್ರುತಿ ತಪ್ಪಿ ಕೇಳಿಸುತ್ತಿದ್ದವು. ಅಲಂಕಾರವೆಲ್ಲ ಕಳಚಿಬಿದ್ದ ಆ ಕೃತಿಯ ಮೇಲೆ ನನಗೆ ಅಪಾರ ಗೌರವ ಹುಟ್ಟಿತು, ಆದರೆ ಬೆಳಿಗ್ಗೆ ತುಟಿಗೆ ಬಂದದ್ದು ಆರನೆಯದು ಮಾತ್ರ.

ಮೊಂಪೌನ 'ಮೂಸಿಕಾ ಕಲ್ಯಾಡಾ', ಅಂದರೆ 'ಮೌನಗೊಂಡ ಸಂಗೀತ', 1959ರಿಂದ 1967ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ 28 ಪುಟ್ಟ ರಚನೆಗಳ ಮಾಲೆ. ಅವನ ತಾಯಿಯ ಮನೆಯವರು ಗಂಟೆ ಎರಕ ಹೊಯ್ಯುವವರಾಗಿದ್ದರು, ಮತ್ತು ಆ ಗಂಟೆಗಳ ಅನುರಣನ ಅವನ ಸ್ವರಮೇಳಗಳಲ್ಲಿ ನಿಚ್ಚಳವಾಗಿ ಕೇಳಿಸುತ್ತದೆ. ಮೂವರಲ್ಲಿ ನನ್ನ ಬೆರಳಿಗೆ ಒಲಿದವನು ಇವನೊಬ್ಬನೇ: ಮೊದಲ ರಚನೆ 'ಆಂಜೆಲಿಕೊ' ಒಂದೇ ಸಂಜೆಯಲ್ಲಿ ಕೈಗೆ ಬಂತು. ಆದರೆ ಸ್ವರಗಳು ಕೈಗೆ ಬಂದಷ್ಟು ಬೇಗ ಅವುಗಳ ನಡುವಿನ ನಿಲುಗಡೆ ಬರಲಿಲ್ಲ. ಸ್ವರದ ಅನುರಣನವನ್ನು ಹಿಡಿದಿಡುವ ಪೆಡಲನ್ನು ಅರೆಕ್ಷಣ ಮುಂಚೆ ಬಿಟ್ಟರೂ ಸಾಕು, ಎಲ್ಲವೂ ಬರಿಯ ಅಭ್ಯಾಸಪಾಠದಂತೆ ಕೇಳಿಸುತ್ತಿತ್ತು. ಒಂದೇ ಸಲಕ್ಕೆ ಕೂತು ಐದಾರು ರಚನೆ ಕೇಳಿದರೆ ಒಂದಕ್ಕೊಂದು ಕಲಸಿಹೋಗುತ್ತವೆ. ಎರಡು ಕೇಳಿ ನಿಲ್ಲಿಸುವುದೇ ಸರಿ.

ಮೆಟ್ನರ್‌ನ ಮೊದಲ ವಾರ ನನಗೆ ಬೇಸರ ತಂದಿತೆಂಬುದನ್ನು ಮುಚ್ಚಿಡುವುದಿಲ್ಲ. ರಷ್ಯನ್ನರ ಸ್ಕಾಜ್ಕಾ ಎಂದರೆ ನಮ್ಮ ಅಜ್ಜಿಕಥೆಯಂಥದು. ಆ ಹೆಸರಿನಲ್ಲಿ ಅವನು ಬರೆದ ಹಲವು ರಚನೆಗಳಲ್ಲಿ ಓಪಸ್ 20ರ (ಓಪಸ್ ಎಂದರೆ ಕೃತಿಸಂಖ್ಯೆ) ಮೊದಲನೆಯದನ್ನು ಎತ್ತಿಕೊಂಡಿದ್ದೆ. ಎರಡು ಕೈಗಳಲ್ಲಿ ಎರಡು ನಡೆ, ಸ್ವರಗಳ ದಟ್ಟಣೆ, ಹಾಡು ಎಲ್ಲಿದೆಯೆಂದೇ ಹಿಡಿತಕ್ಕೆ ಸಿಗಲಿಲ್ಲ. ಐದನೆಯ ರಾತ್ರಿ ಮೇಲಿನ ಸ್ವರಗಳನ್ನು ಬಿಟ್ಟು ನಡುವಿನ ಎಳೆಗೆ ಕಿವಿಗೊಟ್ಟಾಗ, ಹಿನ್ನೆಲೆಯೆಂದು ನಾನು ಕಡೆಗಣಿಸಿದ್ದರಲ್ಲೇ ಹಾಡಿನ ಒಂದು ತುಂಡು ಅಡಗಿರುವುದು ಕೇಳಿಸಿತು. ಅಲ್ಲಿಂದ ಮುಂದೆ ಪ್ರತಿ ಸಲವೂ ಹೊಸದೊಂದು ಎಳೆ ಸಿಕ್ಕಿತು. ಎರಡನೆಯ ವಾರ ಎಮಿಲ್ ಗಿಲೆಲ್ಸ್ ನುಡಿಸಿದ, ಮೆಟ್ನರ್‌ನದೇ ದೀರ್ಘ ಪಿಯಾನೋ ಕೃತಿ 'ಸೊನಾಟಾ ರೆಮಿನಿಸೆಂಜಾ' ಕೇಳಿದೆ. ಎ ಮೈನರ್‌ನಲ್ಲಿ ಸುಮ್ಮನೆ ಸುತ್ತುತ್ತಿರುವಂತೆ ತೊಡಗುವ ಅದರ ಮೊದಲ ಸ್ವರಗಳು ನಡುವೆ ಒಮ್ಮೆ ಮರಳಿ, ಕೊನೆಯಲ್ಲಿ ಇನ್ನೊಮ್ಮೆ ಬರುತ್ತವೆ. ಸ್ವರಗಳು ಅವೇ, ಆದರೆ ನಡುವೆ ಅಷ್ಟೆಲ್ಲ ಕೇಳಿಬಂದ ಕಿವಿಗೆ ಅವು ಬಹುಕಾಲದ ನಂತರ ಕಂಡ ಹುಟ್ಟೂರಿನಂತೆ ಕೇಳಿಸುತ್ತವೆ. ಮರುದಿನ ಬೆಳಿಗ್ಗೆ ಕಾಫಿ ಸೋಸುವಾಗ ತುಟಿಯಲ್ಲಿದ್ದದ್ದು ಅದೇ.

ಕನ್ನಡಿಗರಿಗೆ ಈತ ಪರಕೀಯನಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ರಷ್ಯಾ ತೊರೆದು ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್‌ನ ಮುಪ್ಪಿನ ದಿನಗಳಲ್ಲಿ ಅವನ ಸಂಗೀತವನ್ನು ಧ್ವನಿಮುದ್ರಿಸಲು ಹಣ ಒದಗಿಸಿದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಸ್ವತಃ ಪಿಯಾನೋ ನುಡಿಸುತ್ತಿದ್ದ, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಅವರಿಗೇ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು, ಅಂದರೆ ಪಿಯಾನೋ ಮತ್ತು ವಾದ್ಯವೃಂದ ಒಟ್ಟಿಗೆ ನುಡಿಸುವ ಕೃತಿಯನ್ನು, ಅರ್ಪಿಸಿದ. ಅವರ ನೆರವಿನಿಂದಲೇ, 1951ರಲ್ಲಿ ತೀರಿಕೊಳ್ಳುವ ಮೊದಲು ಅವನು ತನ್ನ ಮೂರೂ ಕಾನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ತಾನೇ ನುಡಿಸಿ ಮುದ್ರಿಸಲು ಸಾಧ್ಯವಾಯಿತು.

ದಿನದ ದಣಿವಿನಲ್ಲಿ ಹತ್ತು ನಿಮಿಷವಷ್ಟೇ ಇರುವವರಿಗೆ ನಾನು ಮೊಂಪೌನನ್ನು ಹೇಳುತ್ತೇನೆ. ಶೋಪನ್‌ನ ಗುಂಗಿನಿಂದ ಹೆಚ್ಚು ದೂರ ಹೋಗಲು ಒಲ್ಲದವರಿಗೆ ಫೋರೆಯ ಆರನೆಯ ನಾಕ್ಟರ್ನ್. ನನ್ನ ಮಟ್ಟಿಗೆ ಗೆದ್ದವನು ಮೆಟ್ನರ್. ಮೊದಲ ದಿನ ಅವನು ಕೊಟ್ಟದ್ದು ಮೂವರಲ್ಲಿ ಅತಿ ಕಡಿಮೆ, ಮೂವತ್ತನೆಯ ದಿನ ಅತಿ ಹೆಚ್ಚು. ತಿಂಗಳು ಮುಗಿದರೂ ಸ್ಕಾಜ್ಕಾದ ಸ್ವರಲಿಪಿ ಪಿಯಾನೋದ ಮೇಲೆಯೇ ಇದೆ. ಈಗ ಅದರ ಎಡಗೈಯ ಭಾಗವನ್ನಷ್ಟೇ, ಅರ್ಧ ವೇಗದಲ್ಲಿ, ದಿನಕ್ಕೆ ಎರಡು ಸಾಲಿನಂತೆ ನುಡಿಸುತ್ತಿದ್ದೇನೆ.