ಹುದ್ದೆಯ ಹೆಸರು ಕಾಗದದ ಮೇಲೆ ಬರುವ ಮೊದಲು ಕಾಲೇಜಿನ ಕೆಲಸಕ್ಕೆ ಕೂರಬೇಡಿ

ಪ್ರವೇಶಾತಿಯ ದಿನಗಳು ಹತ್ತಿರವಾದಾಗ ಕಾಲೇಜುಗಳ ಸೂಚನಾ ಫಲಕದಲ್ಲಿ ವಿದ್ಯಾರ್ಥಿಗಳಿಗೆ ಅರೆಕಾಲಿಕ ಕೆಲಸವಿದೆ ಎಂಬ ಚೀಟಿ ಕಾಣಿಸಿಕೊಳ್ಳುತ್ತದೆ. ಅಂಥ ಚೀಟಿಯನ್ನು ನಂಬಿ ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಂಟು ತಿಂಗಳು ದುಡಿದು, ಬರಬೇಕಾದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡವಳು ನಾನು. ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಡೆದದ್ದು ಹೇಗೆ ನಡೆಯಿತು ಎಂಬುದು ಗೊತ್ತಾದರೆ, ನೀವು ಯಾವ ಕಾಲೇಜಿನಲ್ಲಿದ್ದರೂ ಅದನ್ನು ಮೊದಲೇ ಗುರುತಿಸಬಹುದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

2023ರ ಜೂನ್‌ನಲ್ಲಿ ನಾನು ಎಂ.ಕಾಂ. ಮೊದಲ ವರ್ಷದಲ್ಲಿದ್ದೆ. ಊರು ಪಾವಗಡದ ಕಡೆ. ಅಪ್ಪನದು ಮಳೆ ನಂಬಿದ ಕಡಲೆಕಾಯಿ ಬೇಸಾಯ. ಬಟವಾಡಿಯಲ್ಲಿ ಮೂವರು ಹುಡುಗಿಯರು ಸೇರಿ ಹಿಡಿದಿದ್ದ ರೂಮಿನ ಬಾಡಿಗೆಯಲ್ಲಿ ನನ್ನ ಪಾಲನ್ನಾದರೂ ನಾನೇ ಕೊಡಬೇಕೆಂಬುದು ನನ್ನ ಆಸೆಯಾಗಿತ್ತು. ಫಲಕದ ಮೇಲಿನ ಚೀಟಿಯಲ್ಲಿ "ಕಚೇರಿ ಸಹಾಯಕರು ಬೇಕಾಗಿದ್ದಾರೆ, ದಿನಕ್ಕೆ ಮೂರು ಗಂಟೆ, ಗಂಟೆಗೆ 60 ರೂಪಾಯಿ" ಎಂದಿತ್ತು. ತಿಂಗಳಿಗೆ 24 ದಿನವೆಂದರೆ 4,320 ರೂಪಾಯಿ. ಲೆಕ್ಕ ಹಾಕಿ, ಅಪ್ಪನಿಗೆ ಫೋನ್ ಮಾಡಿ ಹೇಳಿ, ಮರುದಿನವೇ ಕೆಲಸಕ್ಕೆ ಕೂತೆ. ಆ ಚೀಟಿಯ ಫೋಟೊ ತೆಗೆದುಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ; ಒಂದು ವಾರದಲ್ಲಿ ಅದು ಫಲಕದಿಂದ ಹೋಗಿತ್ತು.

ಜೂನ್ ಮತ್ತು ಜುಲೈ ತಿಂಗಳಲ್ಲಿ ಕೆಲಸ ಮೂರು ಗಂಟೆಗೆ ನಿಲ್ಲಲಿಲ್ಲ. ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವುದು, ಅಂಕಪಟ್ಟಿ ಮತ್ತು ಜಾತಿ ಪ್ರಮಾಣಪತ್ರಗಳನ್ನು ಮೂಲದೊಂದಿಗೆ ತಾಳೆ ನೋಡುವುದು, ಶುಲ್ಕದ ಚಲನ್‌ಗಳನ್ನು ಬ್ಯಾಂಕಿನ ಪಟ್ಟಿಯೊಂದಿಗೆ ಹೊಂದಿಸುವುದು, ಪೋಷಕರ ಫೋನ್‌ಗಳಿಗೆ ಉತ್ತರಿಸುವುದು, ಎಲ್ಲ ಸೇರಿ ದಿನಕ್ಕೆ ಆರು ಗಂಟೆ ಆಗುತ್ತಿತ್ತು. ಕೆಲಸ ಶುರುವಾದ ಹತ್ತನೆಯ ದಿನ, ಕೌಂಟರಿನ ಮುಂದೆ ಜನ ಸಾಲುಗಟ್ಟಿ ನಿಂತಿದ್ದಾಗ, ಇಂಗ್ಲಿಷಿನಲ್ಲಿ ಟೈಪಾಗಿದ್ದ ಒಂದು ಪತ್ರಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡರು. ಅದರಲ್ಲಿ ನಾನು ಕಚೇರಿ ಸಹಾಯಕಿ ಆಗಿರಲಿಲ್ಲ, "ವಿದ್ಯಾರ್ಥಿ ಸ್ವಯಂಸೇವಕಿ" ಆಗಿದ್ದೆ. ಗಂಟೆಗೆ 60 ರೂಪಾಯಿ ಎಂಬುದು ಎಲ್ಲಿಯೂ ಇರಲಿಲ್ಲ. "ಸೂಕ್ತ ಗೌರವಧನ" ಎಂದಷ್ಟೇ ಇತ್ತು. ಓದಿದೆ, ಆದರೆ ಅದರ ಅರ್ಥವೇನೆಂದು ಆ ಗಳಿಗೆಯಲ್ಲಿ ಯೋಚಿಸಲಿಲ್ಲ.

ಅರ್ಥವಾದದ್ದು ಮೊದಲ ತಿಂಗಳ ಹಣ ಕೈಗೆ ಬಂದಾಗ. 144 ಗಂಟೆ ದುಡಿದವಳಿಗೆ 8,640 ರೂಪಾಯಿ ಬರಬೇಕಿತ್ತು, ಬಂದದ್ದು 2,500. ಅಧೀಕ್ಷಕರನ್ನು ಕೇಳಿದೆ. "ನೋಡಮ್ಮ, ನಿನ್ನ ಪತ್ರದಲ್ಲಿ ಗಂಟೆ ಲೆಕ್ಕ ಎಲ್ಲಿದೆ ತೋರಿಸು. ಬಡ ಮಕ್ಕಳಿಗೆ ಅನುಕೂಲ ಆಗಲಿ ಅಂತ ಆಡಳಿತ ಮಂಡಳಿಯವರು ಕೊಡ್ತಿರೋ ಗೌರವಧನ ಇದು" ಎಂದರು. "ಸರ್, ಚೀಟಿಯಲ್ಲಿ ಅರವತ್ತು ರೂಪಾಯಿ ಅಂತ ಇತ್ತಲ್ಲ" ಎಂದರೆ, ಯಾವ ಚೀಟಿ ಎಂದು ಕೇಳಿದರು. ಹಣ ಕೊಡುವಾಗ ಸಹಿ ಹಾಕಿಸಿಕೊಂಡ ವೋಚರಿನಲ್ಲಿ ಮೂರನೆಯ ಹೆಸರೊಂದಿತ್ತು: "ತರಬೇತಿ ಭತ್ಯೆ". ಹೀಗೆ ಒಬ್ಬಳೇ ಮನುಷ್ಯಳು, ಒಂದೇ ಕುರ್ಚಿಯಲ್ಲಿ ಕೂತು, ಫಲಕದಲ್ಲಿ ಸಹಾಯಕಿ, ಪತ್ರದಲ್ಲಿ ಸ್ವಯಂಸೇವಕಿ, ಲೆಕ್ಕಪುಸ್ತಕದಲ್ಲಿ ತರಬೇತಿ ಪಡೆಯುವವಳು ಆಗಿದ್ದೆ.

ಈ ಮೂರು ಹೆಸರುಗಳ ನಡುವಿನ ಅಂತರ ಬರೀ ಮಾತಿನದಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಸಹಾಯಕಿ ಎಂದರೆ ಕೆಲಸಕ್ಕೆ ಕೂಲಿ ಇದೆ ಎಂದರ್ಥ. ಸ್ವಯಂಸೇವಕಿ ಎಂದರೆ ಕೊಟ್ಟಷ್ಟು ಕೊಟ್ಟರು, ಕೇಳುವ ಹಕ್ಕಿಲ್ಲ ಎಂದು ವಾದಿಸಲು ಅವರಿಗೆ ದಾರಿಯಾಗುತ್ತದೆ. ತರಬೇತಿ ಎಂಬ ಮಾತಂತೂ ಇನ್ನೂ ಎಚ್ಚರದಿಂದ ನೋಡಬೇಕಾದದ್ದು. 1961ರ ಅಪ್ರೆಂಟಿಸ್ ಕಾಯ್ದೆಯು ಅಪ್ರೆಂಟಿಸರನ್ನು ತರಬೇತಿ ಪಡೆಯುವವರೆಂದು ಕರೆಯುತ್ತದೆಯೇ ಹೊರತು ಕಾರ್ಮಿಕರೆಂದಲ್ಲ, ಆದ್ದರಿಂದ ಕಾರ್ಮಿಕ ಕಾನೂನುಗಳು ಅವರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೆ ಅದೇ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಆಗಲು ಲಿಖಿತ ಒಪ್ಪಂದ ಆಗಬೇಕು ಮತ್ತು ಅದು ನೋಂದಣಿಯಾಗಬೇಕು. ನನ್ನ ವಿಷಯದಲ್ಲಿ ಒಪ್ಪಂದವೂ ಇರಲಿಲ್ಲ, ನೋಂದಣಿಯೂ ಇರಲಿಲ್ಲ, ಏನನ್ನಾದರೂ ಕಲಿಸಿದವರೂ ಇರಲಿಲ್ಲ. ಹೊಣೆ ಯಾವುದನ್ನೂ ಹೊರದೆ ಹೆಸರನ್ನು ಮಾತ್ರ ಎರವಲು ತಂದಿದ್ದರು.

ಆಗಸ್ಟ್‌ನಲ್ಲಿ ಇನ್ನೊಂದು ಸಂಗತಿ ತಿಳಿಯಿತು. ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಬಿ.ಸಿ.ಎ. ಓದುತ್ತಿದ್ದ ಒಬ್ಬ ಹುಡುಗ ಕೂರುತ್ತಿದ್ದ. ಅವನೂ ಅವೇ ಅರ್ಜಿಗಳನ್ನು ಅದೇ ತಂತ್ರಾಂಶಕ್ಕೆ ಏರಿಸುತ್ತಿದ್ದ. ಅವನಿಗೆ ರಜೆ ಇದ್ದ ದಿನ ಅವನ ಪಾಲನ್ನು ನಾನೇ ಮುಗಿಸುತ್ತಿದ್ದೆ. ಅವನ ಪತ್ರದಲ್ಲಿ "ಕಂಪ್ಯೂಟರ್ ಆಪರೇಟರ್, ಗಂಟೆಗೆ 80 ರೂಪಾಯಿ" ಎಂದಿತ್ತು. "ಅಕ್ಕ, ನಿಮ್ಮದೂ ಇಷ್ಟೇ ಅಂದ್ಕೊಂಡಿದ್ದೆ" ಎಂದು ಅವನೇ ಸಂಕೋಚದಿಂದ ತೋರಿಸಿದ. ಆ ಕಚೇರಿಯಲ್ಲಿದ್ದ ನಾಲ್ವರು ಹುಡುಗಿಯರೂ ಸ್ವಯಂಸೇವಕಿಯರು, ಇಬ್ಬರು ಹುಡುಗರೂ ಆಪರೇಟರುಗಳು. ಅವರದು ತಾಂತ್ರಿಕ ಹುದ್ದೆ ಎಂಬ ಉತ್ತರ ಬಂತು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂದು ಬೇರೆ ಬೇರೆ ವೇತನ ಕೊಡುವಂತಿಲ್ಲ ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು. ಅಲ್ಲಿ ನೋಡಬೇಕಾದದ್ದು ಮಾಡುವ ಕೆಲಸವನ್ನು, ಅದಕ್ಕೆ ಅಂಟಿಸಿದ ಹೆಸರನ್ನಲ್ಲ. ಕಾಮರ್ಸ್ ಓದಿದ್ದ ನನಗೆ ಆಗ ಇದು ಗೊತ್ತಿರಲಿಲ್ಲ, ಗೊತ್ತಿರಬೇಕಿತ್ತು.

ಹಾಗಾದರೆ ಏಕೆ ಬಿಡಲಿಲ್ಲ ಎಂದು ಹಲವರು ಕೇಳಿದ್ದಾರೆ. ಆಂತರಿಕ ಅಂಕಗಳು, ಹಾಜರಾತಿ, ಶುಲ್ಕದ ಕೊನೆಯ ಕಂತು ಎಲ್ಲವೂ ಅದೇ ಕಟ್ಟಡದಲ್ಲಿದ್ದವು. ಕೆಲಸ ಕೊಟ್ಟವರೇ ಅಂಕ ಕೊಡುವವರೂ ಆಗಿರುವ ಜಾಗದಲ್ಲಿ ವಿದ್ಯಾರ್ಥಿಯ ದನಿ ಬೇಗ ಅಡಗುತ್ತದೆ. 2024ರ ಜನವರಿವರೆಗೆ ಮುಂದುವರಿದೆ. ಮಾತು ಕೊಟ್ಟಿದ್ದ ದರದಲ್ಲಿ ಒಟ್ಟು 43,200 ರೂಪಾಯಿ ಆಗಬೇಕಿತ್ತು, ಬಂದದ್ದು 20,000. ಕೊನೆಯ ಮೂರು ವೋಚರುಗಳಲ್ಲಿ ಮೊತ್ತದ ಜಾಗ ಖಾಲಿ ಇದ್ದಾಗಲೇ ನಾನು ಸಹಿ ಹಾಕಿದ್ದೆ. ಈ ಎಲ್ಲದರಲ್ಲಿ ನನಗೆ ಹೆಚ್ಚು ನಷ್ಟ ಮಾಡಿದ ತಪ್ಪು ಅದೇ.

ಅದೇ ವರ್ಷ ಆಗಸ್ಟ್‌ನಲ್ಲಿ ಟಿ.ಸಿ. ಕೇಳಲು ಹೋದಾಗ, ಸಂಸ್ಥೆಯಿಂದ ನನಗೆ ಯಾವ ಬಾಕಿಯೂ ಇಲ್ಲವೆಂದು ಬರೆದುಕೊಟ್ಟರೆ ಮಾತ್ರ ಕಾಗದ ಸಿಗುತ್ತದೆ ಎಂದರು. ಬರೆದುಕೊಟ್ಟೆ. ಅನುಭವ ಪತ್ರದಲ್ಲಿ "ಸ್ವಇಚ್ಛೆಯಿಂದ ಸೇವಾ ಚಟುವಟಿಕೆಯಲ್ಲಿ ಭಾಗವಹಿಸಿದ್ದಾರೆ" ಎಂದಿತ್ತು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ಆ ಪತ್ರವನ್ನು ನೋಡಿದವರು, ಇದು ಎನ್.ಎಸ್.ಎಸ್. ಶಿಬಿರದ್ದೇ ಎಂದು ಕೇಳಿದರು. ಎಂಟು ತಿಂಗಳು ಚಲನ್ ತಾಳೆ ನೋಡಿದ ಅನುಭವ ಆ ಒಂದು ಪದದಿಂದ ಇಲ್ಲವಾಗಿತ್ತು. ಹೆಸರು ತಪ್ಪಾದರೆ ಹೋಗುವುದು ಆ ತಿಂಗಳ ಹಣವೊಂದೇ ಅಲ್ಲ.

ಸೆಪ್ಟೆಂಬರ್‌ನಲ್ಲಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಸಮಾಧಾನದಿಂದ ಎಲ್ಲವನ್ನೂ ಕೇಳಿಸಿಕೊಂಡರು. ಕನಿಷ್ಠ ವೇತನ ಕಾಯ್ದೆಯಡಿ ಅರ್ಜಿ ಹಾಕಲು ಆಗ ಇದ್ದ ಅವಧಿ ಆರು ತಿಂಗಳು, ವೇತನ ಪಾವತಿ ಕಾಯ್ದೆಯಡಿ ಹನ್ನೆರಡು ತಿಂಗಳು. ಮೊದಲನೆಯದು ಮೀರಿತ್ತು. ಎರಡನೆಯದರಲ್ಲಿ ಕೆಲವು ತಿಂಗಳು ಉಳಿದಿದ್ದವು. ಆದರೆ ನಾನು ಅಲ್ಲಿನ ನೌಕರಳಾಗಿದ್ದೆ, ದರ ಇಷ್ಟಿತ್ತು ಎಂದು ತೋರಿಸಲು ನನ್ನ ಬಳಿ ಕೆಲವು ವಾಟ್ಸ್ಆಪ್ ಸಂದೇಶಗಳ ಹೊರತು ಏನೂ ಇರಲಿಲ್ಲ, ಎದುರಿಗೆ ನನ್ನದೇ ಸಹಿಯ ವೋಚರುಗಳು ಮತ್ತು ಬಾಕಿ ಇಲ್ಲವೆಂಬ ಪತ್ರ ಇದ್ದವು. ಅರ್ಜಿಯನ್ನು ನಾನೇ ಕೈಬಿಟ್ಟೆ.

ಈಗ ಕಾನೂನು ಸ್ವಲ್ಪ ಬದಲಾಗಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬಾಕಿ ವೇತನಕ್ಕೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು, ಉದ್ಯೋಗದಾತರು ವೇತನ ಚೀಟಿ ಕೊಡಲೇಬೇಕು, ತಿಂಗಳ ವೇತನ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಸಿಗಬೇಕು, ಕೆಲಸ ಬಿಟ್ಟರೆ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ತೀರಬೇಕು. ಆದರೆ 1961ರ ಕಾಯ್ದೆಯಡಿ ತೆಗೆದುಕೊಂಡ ಅಪ್ರೆಂಟಿಸರು ಈ ಸಂಹಿತೆಯಲ್ಲೂ ಹೊರಗೇ ಉಳಿದಿದ್ದಾರೆ. ಆದ್ದರಿಂದ ನಿಮ್ಮ ಪತ್ರದಲ್ಲಿ ತರಬೇತಿ ಅಥವಾ ಅಪ್ರೆಂಟಿಸ್ ಎಂಬ ಮಾತಿದ್ದರೆ ನೋಂದಣಿ ಸಂಖ್ಯೆ ಯಾವುದೆಂದು ಅಲ್ಲೇ ಕೇಳಿ.

ಬಡ ಮಕ್ಕಳಿಗೆ ಸಹಾಯ ಎಂಬ ಮಾತಿಗೂ ಹೆದರಬೇಡಿ. ರಾಜಸ್ಥಾನದಲ್ಲಿ ಬರ ಪರಿಹಾರದ ರಸ್ತೆ ಕೆಲಸಕ್ಕೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುತ್ತಿದ್ದಾಗ, ಕಷ್ಟದಲ್ಲಿದ್ದವರಿಗೆ ಕೆಲಸ ಕೊಟ್ಟಿದ್ದೇವೆ ಎಂಬ ಕಾರಣಕ್ಕೆ ಹಾಗೆ ಮಾಡುವಂತಿಲ್ಲ, ಅದು ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಸಂಜಿತ್ ರಾಯ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪಿನ ಬಗ್ಗೆ ತಿಳಿದ ದಿನ ನಾನು ಅಧೀಕ್ಷಕರ ಮಾತನ್ನು ನೆನೆದು ಬಹಳ ಹೊತ್ತು ಕೂತಿದ್ದೆ.

ಕೆಲಸಕ್ಕೆ ಕೂರುವ ಮೊದಲ ದಿನವೇ ಒಂದೇ ಹಾಳೆಯಲ್ಲಿ ಹುದ್ದೆಯ ಹೆಸರು, ಮಾಡಬೇಕಾದ ಕೆಲಸಗಳು, ಗಂಟೆಯ ದರ, ವಾರಕ್ಕೆ ಎಷ್ಟು ಗಂಟೆ, ಪರೀಕ್ಷೆಯ ದಿನಗಳಲ್ಲಿ ರಜೆ ಇದೆಯೇ, ಗಂಟೆಗಳನ್ನು ದೃಢೀಕರಿಸುವವರು ಯಾರು ಎಂಬುದನ್ನು ಬರೆಸಿಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ, ಅವರು ಬಾಯಲ್ಲಿ ಹೇಳಿದ್ದನ್ನು ನೀವೇ ಬರೆದು ಅವರ ಇಮೇಲ್‌ಗೆ ಕಳಿಸಿ, "ನೀವು ಹೇಳಿದಂತೆ ಇಂದಿನಿಂದ ಕೆಲಸ ಆರಂಭಿಸಿದ್ದೇನೆ" ಎಂದು ಸೇರಿಸಿ. ಕೆಲಸ ಬದಲಾದರೆ, ಉದಾಹರಣೆಗೆ ಫೋನ್ ಎತ್ತಲು ಕರೆದು ಲೆಕ್ಕ ತಾಳೆಗೆ ಕೂರಿಸಿದರೆ, ಹೆಸರನ್ನೂ ದರವನ್ನೂ ಬದಲಿಸಲು ಆಗಲೇ ಕೇಳಿ. ಸರ್ಕಾರದ ಕನಿಷ್ಠ ವೇತನದ ಅಧಿಸೂಚನೆಗಳಲ್ಲೂ ಅರೆಕುಶಲ, ಕುಶಲ ಎಂದು ಕೆಲಸದ ಸ್ವರೂಪ ನೋಡಿಯೇ ದರ ಗೊತ್ತುಮಾಡುತ್ತಾರೆ. ಬಂದ ಮತ್ತು ಹೋದ ಸಮಯವನ್ನು ನಿಮ್ಮದೇ ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡಿ. ಮೊತ್ತ ತುಂಬದ ವೋಚರಿಗೆ, ಎಷ್ಟೇ ಅವಸರವಿದ್ದರೂ, ಸಹಿ ಹಾಕಬೇಡಿ.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಟಿ.ಸಿ.ಗಾಗಿ ಬಾಕಿ ಇಲ್ಲವೆಂದು ಬರೆದುಕೊಡುವ ಮೊದಲೇ ಹೋಗಿ. ನಾನು ಹೋಗಬೇಕಾಗಿದ್ದದ್ದು ಆಗ.