ಬೆಳಗಾವಿಯಿಂದ ಇಳಿತದ ಕಡಲು ನೋಡಲು: ಅಂಜುನಾನಾ, ಮಾಲ್ವಣನಾ?

ನಮ್ಮ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾದ ಅಂಜುನಾ, ಅಂಬೋಲಿ ಘಾಟ್ ಇಳಿದರೆ ಮಹಾರಾಷ್ಟ್ರದ ಮಾಲ್ವಣ. ದಾರಿ ಎರಡೂ ಚೆಂದ.

ಬಂಡೆಗಳ ನಡುವಿನ ಜೀವ ನೋಡೋಕೇ ಹೊರಟಿದ್ದರೆ ನನ್ನ ಓಟು ಅಂಜುನಾಗೆ. ನೀರು ಇಳಿದಾಗ ಬಂಡೆ ಮೇಲೆ ಸಾಲಾಗಿ ಗುಂಡಿ ಹೊಲಿದಂತೆ ಏನೋ ಕಾಣುತ್ತದೆ. ಪಾಚಿ ಅಲ್ಲ, ಝೋವಾಂಥಿಡ್ ಎಂಬ ಪ್ರಾಣಿ, ಹವಳದ ಬಳಗ. ನೀರಿಲ್ಲದಾಗ ಬಾಯಿ ಮುಚ್ಚಿಕೊಂಡಿರುತ್ತದೆ. ಪಕ್ಕದ ಹೊಂಡದಲ್ಲಿ ಮುಳುಗಿರುವುದು ಮಾತ್ರ ಹಸಿರು ಹೂವಿನಂತೆ ಅರಳಿರುತ್ತದೆ. ಮುಟ್ಟಬೇಡಿ, ಕೆಲವು ಜಾತಿಗಳಲ್ಲಿ ವಿಷ ಜಾಸ್ತಿ. ಶಂಖವೊಂದು ಸರಸರ ಓಡಿದರೆ ಒಳಗಿರುವುದು ಸನ್ಯಾಸಿ ಏಡಿ!

ಮಾಲ್ವಣದಲ್ಲೂ ರಾಕ್ ಗಾರ್ಡನ್ ಹತ್ತಿರ ಬಂಡೆಹೊಂಡಗಳಿವೆ. ಆದರೆ ಅಲ್ಲಿನ ಆಸ್ತಿ ಸಿಂಧುದುರ್ಗ ಕೋಟೆ ಸುತ್ತಲಿನ ಹವಳ. ಅದಕ್ಕೆ ಮಾಸ್ಕ್ ಹಾಕಿ ನೀರಿಗಿಳಿಯಬೇಕು. ಮಕ್ಕಳು, ಅಜ್ಜಿ ಜೊತೆಗಿದ್ದರೆ ಕಷ್ಟ ಅಲ್ವಾ? ಮೀನೂಟ ಮಾತ್ರ ಮಾಲ್ವಣದ್ದೇ.

ಎಲ್ಲಿಗೇ ಹೋದರೂ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಹೋಗಿ, ನೀರು ಆಗ ಜಾಸ್ತಿ ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಒಮ್ಮೆ ನಾನು ಇಳಿತದ ಹೊತ್ತು ನೋಡದೆ ಹೋಗಿ, ಸುಮ್ನೆ ಅಲೆ ಎಣಿಸಿ, ರೊಟ್ಟಿ ಶೇಂಗಾ ಚಟ್ನಿ ತಿಂದು ವಾಪಸ್ ಬಂದಿದ್ದೆ.