ಬರೀ ಬುಷ್ ಸಾಕಾ, ಇಡೀ ಲೋವರ್ ಆರ್ಮ್ ಬೇಕಾ? ಹಳೆ ಸ್ವಿಫ್ಟ್ ಮೇಲೆ ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಹಳೆ ಸ್ವಿಫ್ಟ್‌ನ ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೆಳಗಿನ ಕಬ್ಬಿಣದ ತೋಳು) ಬುಷ್ (ಆ ತೋಳಿನ ರಬ್ಬರ್ ಕೀಲು) ಹೋಗಿದ್ದು, ಅದನ್ನು ಮನೆಯಲ್ಲೇ ಬದಲಿಸುವ ಮನಸ್ಸಿದ್ದರೆ ಇಡೀ ಆರ್ಮ್ ತಂದು ಹಾಕಿ. ಬರೀ ಬುಷ್ ತರಬೇಡಿ. ಗುಜರಿ ಕಡೆ ಹೋಗಲೇಬೇಡಿ. ಮೂರನ್ನೂ ಹತ್ತಿರದಿಂದ ನೋಡಿದ್ದೇನೆ. ನನ್ನದು 2012ರ ಸ್ವಿಫ್ಟ್, ಅದಕ್ಕೆ ಇಡೀ ಆರ್ಮ್ ಹಾಕಿದೆ. ಭಾವನ ಹತ್ತಿರವೂ ಅದೇ ಮಾಡೆಲ್, ಅದಕ್ಕೆ ಇಬ್ಬರೂ ಸೇರಿ ಬುಷ್ ಮಾತ್ರ ಹಾಕಿದೆವು. ಗುಜರಿ ಆರ್ಮ್ ಹಾಕಿಸಿಕೊಂಡದ್ದು ನಮ್ಮ ಬೀದಿಯ ಗೆಳೆಯ.

ಏನು ಸವೆದಿದೆ ಅಂತ ತಿಳಿಯದೆ ದುಡ್ಡು ಹಾಕಬಾರದು. ಸಣ್ಣ ಕಲ್ಲಿನ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಟಕಟಕ ಅಂದರೆ ಹೆಚ್ಚಾಗಿ ಅದು ಲಿಂಕ್ ರಾಡ್, ಅಂದರೆ ಗಾಡಿ ಓಲಾಡದಂತೆ ತಡೆಯುವ ಅಡ್ಡ ಕಂಬಿಗೆ ಸೇರುವ ಸಣ್ಣ ಕಡ್ಡಿ. ಬ್ರೇಕ್ ಒತ್ತಿದಾಗ ಅಥವಾ ಹಂಪ್ ಇಳಿದಾಗ ಕೆಳಗಿನಿಂದ ಧಡ್ ಅಂದು, ಸ್ಟೀರಿಂಗ್ ಸ್ವಲ್ಪ ಒಂದು ಕಡೆ ಎಳೆದರೆ ಬುಷ್ ನೋಡಿ. ಗಾಡಿ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಆಟ ಕಂಡರೆ ಬಾಲ್ ಜಾಯಿಂಟ್ (ಆರ್ಮಿನ ಚಕ್ರದ ಕಡೆ ತುದಿಯ ಗುಂಡು ಕೀಲು) ಅಥವಾ ವೀಲ್ ಬೇರಿಂಗ್, ಅಕ್ಕಪಕ್ಕ ಹಿಡಿದಾಗ ಮಾತ್ರ ಕಂಡರೆ ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗ್ ಕಡ್ಡಿಯ ತುದಿಯ ಕೀಲು. ನಮ್ಮ ಎರಡೂ ಗಾಡಿಗಳಲ್ಲಿ ಬುಷ್‌ನ ರಬ್ಬರ್ ಬಿರುಕು ಬಿಟ್ಟು ಕಬ್ಬಿಣದಿಂದ ಬಿಟ್ಟುಕೊಂಡಿತ್ತು, ಟಾರ್ಚ್ ಹಿಡಿದರೆ ಸಾಕು, ಕಾಣುತ್ತಿತ್ತು.

ಬೆಲೆ ನೋಡಿದರೆ ಬುಷ್ಷೇ ಗೆದ್ದ ಹಾಗೆ ಕಾಣುತ್ತದೆ. ಭಾವನ ಗಾಡಿಗೆ ಎರಡೂ ಕಡೆಯ ಬುಷ್ ಸೇರಿ ಸಾವಿರದ ಒಳಗೇ ಬಂತು. ನನಗೆ ಎರಡು ಆರ್ಮಿಗೆ 3,200 ರೂಪಾಯಿ ಆಯಿತು. ಕಂಪನಿ ಪೆಟ್ಟಿಗೆಯದು, ಅಂದರೆ ಮಾರುತಿಯದೇ, ಅದಕ್ಕಿಂತ ಜಾಸ್ತಿ. ಆದರೆ ಬುಷ್ ಕೈಯಲ್ಲಿ ಹಿಡಿದು ಮನೆಗೆ ಬಂದ ಮೇಲೆ ಶುರುವಾಗುತ್ತದೆ ನೋಡಿ ಅಸಲಿ ತಲೆನೋವು.

ಆರ್ಮ್ ಬಿಚ್ಚುವುದು ಎರಡಕ್ಕೂ ಒಂದೇ. ಕಷ್ಟ ಇರುವುದು ಹಳೆ ಬುಷ್ ಹೊರಗೆ ಬರುವುದರಲ್ಲಿ. ರಬ್ಬರ್ ಸುತ್ತ ಒಂದು ಕಬ್ಬಿಣದ ಕವಚ ಇರುತ್ತದೆ, ಅದು ಆರ್ಮಿನ ತೂತಿನಲ್ಲಿ ಬಿಗಿಯಾಗಿ ಕೂತು, ಮೇಲಿಂದ ಇಷ್ಟು ವರ್ಷ ಮಳೆ ಕೆಸರು ಕುಡಿದು ತುಕ್ಕು ಹಿಡಿದು ಆರ್ಮಿಗೇ ಅಂಟಿಕೊಂಡುಬಿಟ್ಟಿರುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ರಬ್ಬರ್ ಹೊರಗೆ ಬರುತ್ತದೆ, ಕವಚ ಅಲ್ಲೇ ಉಳಿಯುತ್ತದೆ. ಆಮೇಲೆ ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ ಕವಚವನ್ನು ಮಾತ್ರ ಉದ್ದಕ್ಕೆ ಕೊಯ್ಯಬೇಕು, ಆರ್ಮಿಗೆ ಗೀರು ಬೀಳಬಾರದು. ಭಾವ ಒಂದು ಕಡೆ ಕೊಯ್ದು ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು.

ಹೊಸ ಬುಷ್ ಕೂರಿಸಲು ಪ್ರೆಸ್ (ಭಾರಿ ಒತ್ತಡ ಹಾಕಿ ಕೂರಿಸುವ ಯಂತ್ರ) ಬೇಕೇ ಬೇಕು. ವೈಸ್‌ನಲ್ಲಿ ಒತ್ತಿ ನೋಡಿದೆವು, ಸೊಟ್ಟ ಹೋಗುತ್ತಿತ್ತು, ತೆಗೆದೆವು. ಕಾರು ಸ್ಟ್ಯಾಂಡ್ ಮೇಲೆ ನಿಂತಿದೆ, ಚಕ್ರ ಇಲ್ಲ, ಎರಡು ಆರ್ಮ್ ಸ್ಕೂಟರಿನಲ್ಲಿ ಇಟ್ಟುಕೊಂಡು ಲೇತ್ ಅಂಗಡಿ ಹುಡುಕಬೇಕು. ಅಲ್ಲಿ ನಮಗಿಂತ ಮುಂಚೆ ಟ್ರ್ಯಾಕ್ಟರಿನ ಕೆಲಸ ಇರುತ್ತದೆ. ಇನ್ನೊಂದು ವಿಷಯ ಅಂಗಡಿಯವರಿಗೆ ನೀವೇ ನೆನಪಿಸಬೇಕು: ಆರ್ಮಿನ ಹಿಂದಿನ ತುದಿಯ ದೊಡ್ಡ ಬುಷ್‌ನ ರಬ್ಬರಿನಲ್ಲಿ ಬೇಕಂತಲೇ ಖಾಲಿ ಜಾಗ ಬಿಟ್ಟಿದ್ದರೆ, ಅದು ಹಳೆಯದರಲ್ಲಿ ಯಾವ ದಿಕ್ಕಿಗಿತ್ತೋ ಹೊಸದರಲ್ಲೂ ಅದೇ ದಿಕ್ಕಿಗೆ ಬರಬೇಕು. ತಿರುಗಿ ಕೂತರೆ ರಬ್ಬರಿಗೆ ಬೇಡದ ಕಡೆಯಿಂದ ಎಳೆತ ಬಿದ್ದು ಬೇಗ ಹರಿಯುತ್ತದೆ. ಬಿಚ್ಚುವ ಮುಂಚೆಯೇ ಮಾರ್ಕರಿನಲ್ಲಿ ಗೆರೆ ಹಾಕಿ, ಒಂದು ಫೋಟೋ ತೆಗೆದುಕೊಳ್ಳಿ.

ಪ್ರೆಸ್ ಮಾಡಿಕೊಟ್ಟದ್ದಕ್ಕೆ ಕೂಲಿ 600 ರೂಪಾಯಿ. ಇಡೀ ಭಾನುವಾರ ಹೋಯಿತು. ಇಷ್ಟೆಲ್ಲ ಮಾಡಿದ ಮೇಲೂ ಬಾಲ್ ಜಾಯಿಂಟ್ ಹಳೆಯದೇ! ಸ್ವಿಫ್ಟ್‌ನಲ್ಲಿ ಅದು ಆರ್ಮಿನ ಜೊತೆಗೇ ಬರುವ ಭಾಗ. ಭಾವನ ಗಾಡಿಯಲ್ಲಿ ಮುಂದಿನ ಮಳೆಗಾಲಕ್ಕೆ ಅದರ ರಬ್ಬರ್ ಟೋಪಿ ಹರಿದು ಗ್ರೀಸ್ ಹೊರಗೆ ಬಂತು, ಕೊನೆಗೆ ಇಡೀ ಆರ್ಮ್ ತಂದೇ ಹಾಕಿದೆವು.

ಇಡೀ ಆರ್ಮ್ ತಂದರೆ ಬುಷ್ ಎರಡೂ ಹೊಸದು, ಬಾಲ್ ಜಾಯಿಂಟ್ ಹೊಸದು. ನಾನು ಬೆಳಿಗ್ಗೆ ತಿಂಡಿ ತಿಂದು ಶುರು ಮಾಡಿದವನು ಮಧ್ಯಾಹ್ನದೊಳಗೆ ಎರಡೂ ಕಡೆ ಮುಗಿಸಿ ಕೈ ತೊಳೆದೆ. ಹಿಂದಿನ ರಾತ್ರಿಯೇ ಎಲ್ಲ ಬೋಲ್ಟಿಗೂ ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯೂಡಿ-40 ಹೊಡೆದಿಟ್ಟಿದ್ದೆ. ಬಾಲ್ ಜಾಯಿಂಟ್ ಹಿಡಿದಿರುವ ಬೋಲ್ಟನ್ನು ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಅದು ಜಾಯಿಂಟಿನ ಕುತ್ತಿಗೆಯ ಕಚ್ಚಿನಲ್ಲಿ ಹಾದು ಹೋಗಿರುತ್ತದೆ, ಅದಿದ್ದರೆ ಎಷ್ಟು ಹೊಡೆದರೂ ಕೆಳಗೆ ಇಳಿಯುವುದಿಲ್ಲ.

ಬುಷ್ ಹಾಕಿ, ಆರ್ಮ್ ಹಾಕಿ, ಇದೊಂದನ್ನು ಮರೆಯಬೇಡಿ. ಚಕ್ರ ಗಾಳಿಯಲ್ಲಿ ನೇತಾಡುವಾಗ ಬುಷ್ ಬೋಲ್ಟ್ ಫುಲ್ ಟೈಟ್ ಮಾಡಬಾರದು. ರಬ್ಬರ್ ಒಳಗಿನ ಕೊಳವೆಗೆ ಅಂಟಿರುತ್ತದೆ. ಆರ್ಮ್ ಕೆಳಗೆ ಇಳಿದಿರುವಾಗ ಬಿಗಿ ಮಾಡಿದರೆ, ಗಾಡಿ ನೆಲಕ್ಕೆ ಇಳಿದ ಮೇಲೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಸುಮ್ನೆ ಕೈಬಿಗಿ ಮಾಡಿ, ಗಾಡಿ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ ಹಾಕಿ. ಹೊಸ ಬುಷ್ ಸ್ವಲ್ಪ ದಿನಕ್ಕೇ ಹೋಯಿತು ಅಂತ ಪಾರ್ಟ್ಸ್‌ಗೆ ಬೈಯುವವರಲ್ಲಿ ಎಷ್ಟೋ ಜನರಿಗೆ ಆಗಿರುವುದು ಇದೇ.

ಗುಜರಿ ಆರ್ಮ್: ಅಗ್ಗ, ಆದರೆ ಅದರ ಬುಷ್ಷೂ ನಿಮ್ಮದರಷ್ಟೇ ಹಳೆಯದು. ಆಕ್ಸಿಡೆಂಟ್ ಗಾಡಿಯದಾಗಿದ್ದು ಆರ್ಮ್ ಕೊಂಚ ಬಾಗಿದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಗೆಳೆಯನ ಗಾಡಿ ಅಲೈನ್‌ಮೆಂಟಿಗೆ ಕೂರಲೇ ಇಲ್ಲ.

ಕಂಪನಿಯದಾ, ಹೊರಗಿನದಾ ಅಂದರೆ ನಾನು ಹೊರಗಿನ ಹೆಸರಾಂತ ಬ್ರಾಂಡ್ ತೆಗೆದುಕೊಂಡೆ. ಬೆಂಗಳೂರಿಗೆ ಹೋದಾಗ ಜೆಸಿ ರೋಡಿನಲ್ಲಿ ಒಂದಲ್ಲ, ನಾಲ್ಕು ಅಂಗಡಿ ಕೇಳಿ. ಹೆಸರೇ ಇಲ್ಲದ ಪೆಟ್ಟಿಗೆ ಬೇಡ, ಕಂಪನಿಯ ಹೆಸರಿನ ನಕಲಿ ಪೆಟ್ಟಿಗೆಯೂ ಸಿಗುತ್ತದೆ, ಹಾಗಾಗಿ ಬಿಲ್ ತಗೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿ. ದಿನಾ ದೂರ ಓಡಾಡುವವರು, ಗಾಡಿ ಇನ್ನೂ ತುಂಬಾ ವರ್ಷ ಇಟ್ಟುಕೊಳ್ಳುವವರು ಕಂಪನಿಯದೇ ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ನನ್ನದು ವಾರಕ್ಕೊಮ್ಮೆ ಹಾಸನದಿಂದ ಊರಿಗೆ ಹೋಗಿ ಬರುವ ಗಾಡಿ, ಇದು ಸಾಕು.

ಲಿಂಕ್ ರಾಡನ್ನೂ ಇದೇ ದಿನ ಬದಲಿಸಿಬಿಡಿ. ನಟ್ಟು ಬಿಚ್ಚುವಾಗ ಒಳಗಿನ ಕಡ್ಡಿಯೂ ಜೊತೆಗೇ ಸುತ್ತುತ್ತದೆ, ಅದರ ತುದಿಯ ತೂತಿಗೆ ಆಲನ್ ಕೀ ಹಾಕಿ ಹಿಡಿಯಬೇಕು. ತೂತಿನ ತುಕ್ಕು ಮೊದಲು ಕೆರೆದು ತೆಗೆಯಿರಿ, ಇಲ್ಲದಿದ್ದರೆ ಕೀ ಜಾರಿ ತೂತು ದುಂಡಗಾಗಿ, ಆಮೇಲೆ ಗ್ರೈಂಡರಿನಲ್ಲಿ ಕತ್ತರಿಸುವುದೊಂದೇ ದಾರಿ.

ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ. ಒಂದು ಜೋಡಿ ಸ್ಟ್ಯಾಂಡ್ ತಗೊಳ್ಳಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಇದಕ್ಕೆ ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಗ್ಯಾರೇಜಿಗೇ ಬಿಡಿ. ಕೆಲಸ ಮುಗಿದ ದಿನವೇ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಉಳಿಸಿದ ದುಡ್ಡು ಟಯರಿಗೆ ಹೋಗುತ್ತದೆ.

ಮುಂದಿನ ಶಾಕ್ ಅಬ್ಸಾರ್ಬರ್ ಮಾತ್ರ ನಾನು ಮನೆಯಲ್ಲಿ ಮುಟ್ಟುವುದಿಲ್ಲ. ಅದರ ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನ ಜಾರಿದರೆ ಪ್ರಾಣಕ್ಕೇ ಅಪಾಯ. ಹಿಂದಿನದರಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಅದನ್ನು ಮನೆಯಲ್ಲೇ ಮಾಡಬಹುದು, ಗೇಬ್ರಿಯಲ್ ಬ್ರಾಂಡಿನದು ಹಾಕುವುದಾ ಕಂಪನಿಯದಾ ಅಂತ ಈಗ ಬೆಲೆ ವಿಚಾರಿಸುತ್ತಿದ್ದೇನೆ.